ವೈನಿಯ ಆರು ಮೂಗು

ನಮ್ಮ ವೈನಿಯ ಮುಂದೆ ಕುಳಿತು ನೀವು ಬೇಕಾದಷ್ಟು ಸುಳ್ಳು ಹೇಳಬಹುದು. ಉಸಿರು ಬಿಡುವ ಹಾಗಿಲ್ಲ, ಅಷ್ಟೇ.

ಇದನ್ನು ಮೊದಲು ಕಲಿತವರು ನಮ್ಮ ಕಾಕಾ. ಕುಡಿಯುವುದನ್ನು ಬಿಟ್ಟೆನೆಂದು ಊರೆಲ್ಲ ಸಾರಿ, ಗೆಳೆಯರ ಕೈಯಿಂದ ಹೂವಿನ ಹಾರವನ್ನೂ ಹಾಕಿಸಿಕೊಂಡು, ಒಂದು ಭಾನುವಾರ ಸಂಜೆ ನಮ್ಮ ಮನೆಗೆ ಬಂದಿದ್ದರು. ಬಾಯಿತುಂಬ ಏಲಕ್ಕಿ. ಕುರ್ಚಿಯ ಪಕ್ಕದ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ಅದರಲ್ಲಿ ಚಕ್ಕುಲಿ ಇರಬಹುದೆಂದು ಕಾಕಾ ಬಾಗಿ ನೋಡಿದರು. ಡಬ್ಬಿ ಪೀಂ ಎಂದಿತು. ಕಾಕಾ ಹಿಂದೆ ಸರಿದರು, ಸ್ವಲ್ಪ ಹೊತ್ತಿಗೆ ಅದೂ ಸುಮ್ಮನಾಯಿತು. ಮತ್ತೆ ಬಾಗಿದರು, ಮತ್ತೆ ಪೀಂ.

“ಏನವ್ವಾ ಇದು?”

“ಗ್ಯಾಸ್ ಸೆನ್ಸರ್ ಅದರಿ ಕಾಕಾ. ಸ್ಪಿರಿಟಿನ ಹಬೆ ಹಿಡೀತದ.”

ಕಾಕಾ ಒಂದು ಕ್ಷಣ ಏಲಕ್ಕಿ ಅಗಿಯುವುದನ್ನು ನಿಲ್ಲಿಸಿದರು. “ಹೋಮಿಯೋಪತಿ ಔಷಧ ತೊಗೊಳಾಕತ್ತೇನಿ. ಅದರಾಗ ಜರಾ ಸ್ಪಿರಿಟ್ ಇರ್ತದಂತ.”

“ಹೌದ್ರಿ, ಇರ್ತದ,” ಎಂದ ವೈನಿ ಡಬ್ಬಿಯ ಮೇಲಿನ ಅಂಕಿಯನ್ನು ಗಂಭೀರವಾಗಿ ನೋಡಿ ಕೇಳಿದರು, “ಎಷ್ಟು ಗ್ಲಾಸ್ ತೊಗೊಂಡ್ರಿ?”

ಅಂದಿನಿಂದ ಕಾಕಾ ನಮ್ಮ ಮನೆಗೆ ಬಂದರೆ ಅಂಗಳದಲ್ಲೇ ನಿಂತು, ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡು ಕ್ಷೇಮಸಮಾಚಾರ ಕೇಳುತ್ತಾರೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಬಸವಕಲ್ಯಾಣದ ಹಳೆಯ ಓಣಿಯೊಂದರಲ್ಲಿ ಅವರೂ ನಾವೂ ಒಂದೇ ಮನೆಯಲ್ಲಿದ್ದೇವೆ. ಅಣ್ಣ ಮುಡಬಿಯ ಶಾಲೆಯಲ್ಲಿ ಗಣಿತದ ಮೇಷ್ಟ್ರು. ದಿನವಿಡೀ ಮಕ್ಕಳ ಮುಂದೆ ಕೂಗಿ ಬರುವುದರಿಂದ ಮನೆಯಲ್ಲಿ ಮಾತೇ ಆಡುವುದಿಲ್ಲ. ಅವನ ಪಾಲಿನದ್ದನ್ನೂ ವೈನಿಯೇ ಆಡುತ್ತಾರೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು. ಹುಮನಾಬಾದಿನ ಹೊರಗೆ, ಔಷಧಗಳಿಗೆ ಬೇಕಾದ ಕಚ್ಚಾ ಪುಡಿ ತಯಾರಿಸುವ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಾರೆ.

ಈ ಪುಡಿಯ ಸಂಗತಿ ಸ್ವಲ್ಪ ಹೇಳಬೇಕು. ಅದನ್ನು ತಯಾರಿಸುವಾಗ ಅಸಿಟೋನು, ಮೆಥನಾಲು ಎಂಬ ದ್ರಾವಕಗಳಲ್ಲಿ ಕರಗಿಸುತ್ತಾರಂತೆ. ಆಮೇಲೆ ದೊಡ್ಡ ಡ್ರೈಯರಿನೊಳಗೆ ಹಾಕಿ ಒಣಗಿಸಿ ಆ ದ್ರಾವಕವನ್ನೆಲ್ಲ ಓಡಿಸಬೇಕು. ಓಡಿತೋ ಇಲ್ಲವೋ ತಿಳಿಯುವುದು ಹೇಗೆ? ಒಂದು ಚಮಚ ಪುಡಿ ತೆಗೆದು, ಪ್ರಯೋಗಾಲಯದ ದೊಡ್ಡ ಯಂತ್ರಕ್ಕೆ ಉಣಿಸಿ, ಅದು ಅರಗಿಸಿಕೊಂಡು ಉತ್ತರ ಕೊಡುವವರೆಗೆ ಕಾಯಬೇಕು. ಅಷ್ಟರಲ್ಲಿ ಡ್ರೈಯರಿನೊಳಗೆ ಏನಾಗುತ್ತಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ವೈನಿಗೆ ಇದು ಸಹಿಸಲಾಗದ ಅನ್ಯಾಯವೆನಿಸಿತು. “ಅನ್ನ ಬೆಂದದೇನಂತ ನೋಡಾಕ ಒಂದು ಅಗುಳು ಬೆಂಗಳೂರಿಗೆ ಕಳಿಸಿದಂಗಾತು,” ಎನ್ನುತ್ತಿದ್ದರು. ಡ್ರೈಯರಿನಿಂದ ಹೊರಗೆ ಬರುವ ಗಾಳಿಯನ್ನೇ ಕ್ಷಣಕ್ಷಣವೂ ಮೂಸುತ್ತ ಕೂರುವ ಅಗ್ಗದ ಮೂಗೊಂದು ಇದ್ದರೆ? ಆ ಮೂಗೇ ಈ ಡಬ್ಬಿ.

ಡಬ್ಬಿಯೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಆರು ಸೆನ್ಸರುಗಳಿವೆ. ಹಳೆಯ ಕಂಪ್ಯೂಟರಿನಿಂದ ಕಿತ್ತ ಒಂದು ಪುಟ್ಟ ಫ್ಯಾನು ಗಾಳಿಯನ್ನು ಒಳಗೆಳೆಯುತ್ತದೆ. ಗುಂಡಿಗಳ ಮೇಲೆ ತವರದ ಆಕ್ಸೈಡಿನ ತೆಳ್ಳನೆಯ ಲೇಪ, ಕೆಳಗೆ ಅದನ್ನು ಸದಾ ಬಿಸಿಯಾಗಿಡುವ ತಂತಿ. ಇದು ಹೇಗೆ ಮೂಸುತ್ತದೆ ಎಂದು ಒಮ್ಮೆ ಕೇಳಿದ್ದೆ. ವೈನಿ ನನ್ನ ಬುದ್ಧಿಮಟ್ಟವನ್ನು ಅಂದಾಜು ಮಾಡಿ ಹೀಗೆ ಹೇಳಿದರು:

“ನೋಡು ತಮ್ಮಾ, ಆ ಲೇಪದ ಮ್ಯಾಲ ಗಾಳಿಯಾಗಿನ ಆಕ್ಸಿಜನ್ ಬಂದು ಕುಂತಿರ್ತದ. ಬಾಗಿಲದಾಗ ಮುದುಕರು ಕುಂತಂಗ. ಕರೆಂಟಿಗೆ ದಾಟಾಕ ಬಿಡಂಗಿಲ್ಲ. ಸ್ಪಿರಿಟಿನ ಹಬೆ ಬಂತಂದ್ರ ಮುದುಕರು ಎದ್ದು ಅದರ ಬೆನ್ನ ಹತ್ತಿ ಹೋಗ್ತಾರ. ಬಾಗಿಲು ಖಾಲಿ. ಕರೆಂಟು ಓಡ್ತದ, ಅಂಕಿ ಏರ್ತದ. ತಿಳೀತೇನು?”

ತಿಳಿಯಿತು. ನಮ್ಮ ಓಣಿಯ ಮುದುಕರು ಅಷ್ಟು ಸುಲಭಕ್ಕೆ ಏಳುವವರಲ್ಲ ಎಂಬ ನನ್ನ ಆಕ್ಷೇಪವನ್ನು ಅವರು ಗಣನೆಗೆ ತೆಗೆದುಕೊಳ್ಳಲಿಲ್ಲ.

ಈ ಸೆನ್ಸರಿಗೆ ಒಂದು ದೊಡ್ಡ ದೋಷವಿದೆ. ಅದಕ್ಕೆ ತಾರತಮ್ಯವೇ ಇಲ್ಲ. ಅಸಿಟೋನಿಗೂ ಪೀಂ ಎನ್ನುತ್ತದೆ, ಒಗ್ಗರಣೆಗೂ ಪೀಂ ಎನ್ನುತ್ತದೆ, ಹೆಚ್ಚಿದ ಉಳ್ಳಾಗಡ್ಡಿಗೂ. ಅದಕ್ಕೇ ವೈನಿ ಬೇರೆಬೇರೆ ಜಾತಿಯ ಆರು ಗುಂಡಿ ಇಟ್ಟಿದ್ದು. ಒಂದು ಗುಂಡಿ ಮೆಥನಾಲಿಗೆ ಹೆಚ್ಚು ಹಾರಾಡಿದರೆ ಇನ್ನೊಂದು ಅಸಿಟೋನಿಗೆ ಹಾರಾಡುತ್ತದೆ. ಒಂದೊಂದೂ ಅರೆಬರೆ ಸಾಕ್ಷಿ. ಆರೂ ಸಾಕ್ಷಿಗಳ ಮಾತನ್ನು ಕೂಡಿಸಿ ನೋಡಿದರೆ ಕಳ್ಳ ಯಾರೆಂದು ತಿಳಿಯಬೇಕು. ಆರೂ ಮಂದಿ ಒಟ್ಟಿಗೆ ಸುಳ್ಳು ಹೇಳಿದರೆ ಏನು ಗತಿ ಎಂದು ಕೇಳಿದೆ. “ನಿನ್ನ ಅಂಗಡಿಗೆ ಹೋಗು,” ಎಂದರು.

ನನ್ನ ಅಂಗಡಿಯೇ ಅವರ ಮೊದಲ ಶತ್ರು. ಬಜಾರಿನಲ್ಲಿ ನನ್ನದು ಅತ್ತರು, ಊದಿನಕಡ್ಡಿ, ತಲೆಗೆಣ್ಣೆಗಳ ವ್ಯಾಪಾರ. ನಾನು ಮನೆಯ ತಿರುವಿಗೆ ಬರುವಷ್ಟರಲ್ಲೇ ಡಬ್ಬಿ ನನ್ನನ್ನು ಗುರುತಿಸಿ ಚೀರುತ್ತದೆ. ಕೆಲಸ ನಡೆಯುವಾಗ ನಾನು ವೈನಿಯ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಸ್ನಾನ ಮಾಡಿದರೂ ಇಲ್ಲ. “ಸಾಬೂನಿಗೂ ಏರ್ತದ,” ಎಂದು ಅವರು ಹೇಳಿದಾಗ ನಾನು ಇನ್ನೇನು ಉಜ್ಜಿಕೊಳ್ಳಲಿ ಎಂದು ನನಗೆ ತೋಚಲಿಲ್ಲ.

ನನಗೆ ಅತ್ತರು ತಂದುಕೊಡುವ ಚಾಚಾ ಒಬ್ಬರಿದ್ದಾರೆ. ಅವರ ಮನೆತನ ಎಷ್ಟು ತಲೆಮಾರಿನಿಂದ ಈ ಊರಲ್ಲಿ ಸುಗಂಧ ಮಾರುತ್ತಿದೆ ಎಂಬುದು ಅವರಿಗೂ ಗೊತ್ತಿಲ್ಲ. ಮೂಸುವ ಡಬ್ಬಿಯೊಂದು ತಯಾರಾಗಿದೆ ಎಂಬ ಸುದ್ದಿ ಕೇಳಿ ಅವರಿಗೆ ಬಹಳ ನೋವಾಯಿತು. ಟೋಪಿ ಸರಿಮಾಡಿಕೊಂಡು ನೇರ ಮನೆಗೇ ಬಂದರು.

“ಬೇಟಿ, ಮೂಗು ಅಂಬೋದು ಮ್ಯಾಲಿನವ ಕೊಟ್ಟಿದ್ದು. ಅದನ್ನ ಡಬ್ಬಿಯಾಗ ಹಾಕಾಕ ಬರ್ತದೇನು?”

“ಬರ್ರಿ ಚಾಚಾ, ಕುಂಡ್ರರಿ. ನೀವ ಪರೀಕ್ಷಾ ಮಾಡ್ರಿ.”

ಚಾಚಾ ಜೇಬಿನಿಂದ ಎರಡು ಸೀಸೆ ತೆಗೆದರು. ಒಂದು ಗುಲಾಬಿ, ಒಂದು ಮಲ್ಲಿಗೆ ಮೊಗ್ಗಿನ ಅತ್ತರು. ಡಬ್ಬಿ ಎರಡಕ್ಕೂ ಒಂದೇ ತರ ಕಿರುಚಿ, ಅಂಕಿಯನ್ನು ತುತ್ತತುದಿಗೆ ಏರಿಸಿ, ಆಮೇಲೆ ಅರ್ಧ ತಾಸು ಕೆಳಗೇ ಇಳಿಸಲಿಲ್ಲ. ಚಾಚಾ ಗಡ್ಡ ನೀವಿಕೊಂಡು ನಕ್ಕರು. ಆ ನಗೆಯಲ್ಲಿ ಅವರ ಅಷ್ಟೂ ತಲೆಮಾರುಗಳಿದ್ದವು.

ವೈನಿ ಬಿಡುವವರೇ? “ಚಾಚಾ, ಒಂದು ಮಾತು ಖರೇ ಹೇಳ್ರಿ. ದಿನಾಪೂರ್ತಿ ಅತ್ತರಿನ ನಡುವ ಕುಂತ್ರ ಸಂಜಿಗೆ ನಿಮಗ ವಾಸನಿ ತಿಳೀತದೇನು?”

ಚಾಚಾ ಪ್ರಾಮಾಣಿಕರು. “ಇಲ್ಲವ್ವಾ. ಮೂಗು ದಣೀತದ. ಒಂದು ತಾಸು ಆದ ಮ್ಯಾಲ ನನ್ನ ಅಂಗಡಿಯಾಗ ನನಗ ಏನೂ ವಾಸನಿ ಇಲ್ಲ.”

“ನನ್ನ ಡಬ್ಬಿ ಹಂಗ ದಣಿಯಂಗಿಲ್ರಿ.”

ಚಾಚಾ ಎದ್ದು, ಸೀಸೆಗಳನ್ನು ಜೇಬಿಗೆ ಸೇರಿಸಿಕೊಂಡು, ಬಾಗಿಲಲ್ಲಿ ತಿರುಗಿ ನಿಂತು ಹೇಳಿದರು, “ದಣಿಯಂಗಿಲ್ಲ, ಒಪ್ಪಿದೆ. ಖುಷೀನೂ ಪಡಂಗಿಲ್ಲಲ್ಲವ್ವಾ ಅದು.”

ಆ ಸಂಜೆ ವೈನಿ ಸೋತರೋ ಗೆದ್ದರೋ ನಾನು ಇನ್ನೂ ತೀರ್ಮಾನಿಸಿಲ್ಲ.

ಎರಡನೆಯ ಶತ್ರು ನನ್ನಾಕೆ. ಅದೂ ಏನೂ ಅರಿಯದೆ. ತಲೆಗೂದಲು ರೇಷ್ಮೆಯಂತೆ ಹೊಳೆಯುತ್ತದೆಂದು ಬರೆದಿದ್ದ ಒಂದು ಸೀರಮ್ಮನ್ನು ನನ್ನ ಅಂಗಡಿಯಿಂದಲೇ ಎತ್ತಿಕೊಂಡು ಹೋಗಿ, ಯಾರದೋ ಮದುವೆಗೆ ಹೊರಡುವ ಮುಂಚೆ ವೈನಿಯ ಕನ್ನಡಿಯ ಮುಂದೆ ನಿಂತು ಧಾರಾಳವಾಗಿ ಹಚ್ಚಿಕೊಂಡಳು. ಮರುದಿನ ಡಬ್ಬಿ ಏಳಲಿಲ್ಲ. ಅಂದರೆ ದೀಪ ಹತ್ತಿತು, ಫ್ಯಾನು ತಿರುಗಿತು, ಆದರೆ ಮೂಗಿಗೆ ಸ್ಪಿರಿಟ್ ಹಿಡಿದರೂ ಕಮಕ್ ಕಿಮಕ್ ಎನ್ನಲಿಲ್ಲ. ವೈನಿ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ನಡೆಸಿದರು. ಸೀರಮ್ಮಿನ ಬಾಟಲಿ ಸಿಕ್ಕಿತು. ಅದರಲ್ಲಿ ಸಿಲಿಕೋನ್ ಇರುತ್ತದಂತೆ; ಅದರ ಹಬೆ ಬಿಸಿ ಲೇಪದ ಮೇಲೆ ಗಾಜಿನಂತೆ ಕೂತುಬಿಟ್ಟರೆ ಸೆನ್ಸರಿನ ಉಸಿರು ಕಟ್ಟಿಹೋಗುತ್ತದಂತೆ.

“ಆರಕ್ಕ ಆರೂ ಸತ್ತಾವ,” ಎಂದರು ವೈನಿ, ಮನೆಯಲ್ಲಿ ಸೂತಕ ಬಂದ ಧ್ವನಿಯಲ್ಲಿ.

ನನ್ನಾಕೆಯೂ ಸೋಲುವವಳಲ್ಲ. “ನನ್ನ ಕೂದಲ ಮಾತ್ರ ಜೀವಂತ ಅದಾವ ನೋಡ್ರಿ ಅಕ್ಕಾ,” ಎಂದು ಜಡೆಯನ್ನು ಮುಂದಕ್ಕೆ ಎಳೆದು ತೋರಿಸಿದಳು. ಖರೇ, ಬಹಳ ಹೊಳೆಯುತ್ತಿದ್ದವು. ಹೊಸ ಆರು ಗುಂಡಿ ಬರುವವರೆಗೆ ಇಬ್ಬರ ನಡುವೆ ಮಾತುಕತೆ ನನ್ನ ಮೂಲಕವೇ ನಡೆಯಿತು. ಸೀರಮ್ಮಿಗೆ ಇಂದಿಗೂ ನಮ್ಮ ಮನೆಯಲ್ಲಿ ಪ್ರವೇಶವಿಲ್ಲ. ನನ್ನಾಕೆ ಅಂಗಡಿಗೆ ಬಂದು ಹಚ್ಚಿಕೊಂಡು ಹೋಗುತ್ತಾಳೆ.

ಇನ್ನು ಬಸ್ಸಿನ ಪ್ರಕರಣ. ಡಬ್ಬಿ ಬಿಸಿಯೇರಿ ಹದಕ್ಕೆ ಬರಲು ಬಹಳ ಹೊತ್ತು ಬೇಕು. ಹಾಗಾಗಿ ವೈನಿ ಬಸ್ ಹತ್ತುವ ಮೊದಲೇ ಅದನ್ನು ಬ್ಯಾಟರಿಗೆ ಜೋಡಿಸಿ ಚಾಲೂ ಮಾಡಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಆ ದಿನ ಹುಮನಾಬಾದಿನ ದಾರಿಯಲ್ಲಿ ಅದು ಒಂದೇ ಸಮ ಚೀರತೊಡಗಿತು. ಅಕ್ಕಪಕ್ಕದವರು ಮೊದಲು ಮೊಬೈಲ್ ಹುಡುಕಿಕೊಂಡರು, ಆಮೇಲೆ ವೈನಿಯನ್ನು ದಿಟ್ಟಿಸಿದರು. ವೈನಿ ಎದ್ದು, ಡಬ್ಬಿಯನ್ನು ಮುಂದೆ ಹಿಡಿದು, ಸೀಟು ಸೀಟಿಗೂ ಬಾಗುತ್ತ ಹಿಂದಕ್ಕೆ ನಡೆದರು. ಕೊನೆಯ ಸೀಟಿನಲ್ಲಿ ಒಬ್ಬ ಮನುಷ್ಯ ಉಳ್ಳಾಗಡ್ಡಿಯ ಚೀಲದ ಮೇಲೆ ಕಾಲಿಟ್ಟು ಕುಳಿತಿದ್ದ. ಅಲ್ಲಿ ಡಬ್ಬಿಯ ಅಂಕಿ ಮುಗಿಲು ಮುಟ್ಟಿತು.

“ಉಳ್ಳಾಗಡ್ಡಿ ಅದಾವ್ರಿ ಬಾಯಿ,” ಎಂದ ಅವನು.

“ಉಳ್ಳಾಗಡ್ಡಿ ಕೆಳಗೇನದ?”

ಕೆಳಗೆ ಪೆಟ್ರೋಲಿನ ಕ್ಯಾನು ಇತ್ತು. ಘಾಟಬೋರಾಳದ ತನ್ನ ಹೊಲದಲ್ಲಿ ನಿಂತುಹೋದ ಮೋಟರ್‌ಸೈಕಲ್ಲಿಗೆಂದು ಒಯ್ಯುತ್ತಿದ್ದನಂತೆ. ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದ. ಮುಂದಿನ ಸೀಟಿನವನ ಕೈಯಲ್ಲಿ ಬೀಡಿಯೂ ಇತ್ತು. ವೈನಿ ಬಸ್ ನಿಲ್ಲಿಸಿ, ಕ್ಯಾನು ಇಳಿಯುವವರೆಗೆ ಬಸ್ ಹೊರಡಬಾರದೆಂದರು. ಜನಕ್ಕೆಲ್ಲ ಸಿಟ್ಟು ಬಂತು. ಯಾರಿಗೋ ತಹಶೀಲ್ ಕಚೇರಿಯ ಕೆಲಸ, ಯಾರಿಗೋ ದವಾಖಾನೆಯ ಪಾಳಿ. “ಇಷ್ಟು ದಿನ ಒಯ್ದಾರ, ಏನಾಗ್ಯದ?” ಎಂದು ಡ್ರೈವರನೂ ಅವರೊಡನೆ ಸೇರಿ ಬಸ್ಸಿಗೆ ಗೇರು ಹಾಕಿದ. ವೈನಿ ಕೆಳಗಿಳಿದು ಬಸ್ಸಿನ ಮುಂದೆ ಹೋಗಿ ನಿಂತರು. ಡಬ್ಬಿ ಎದೆಗೆ ಅವಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

“ಈಗ ಒಯ್ರಿ,” ಎಂದರು.

ಕ್ಯಾನು ಇಳಿಯಿತು. ಹೊಲದವನೂ ಬೈಯುತ್ತ ಅದರ ಹಿಂದೆಯೇ ಇಳಿದ. ಮರುದಿನ ಅದೇ ಬಸ್ಸಿನ ಕಂಡಕ್ಟರ್ ವೈನಿಯನ್ನು ಕಂಡು ಕೈಮುಗಿದು, “ಮೇಡಂ, ಡಬ್ಬಿಗೆ ಟಿಕೀಟ್ ಬ್ಯಾಡ್ರಿ. ಅದೂ ಸ್ಟಾಫಿನಂಗ ಡ್ಯೂಟಿ ಮಾಡಾಕತ್ತದ, ಕುಂದರಾಕ ಸೀಟ್ ಕೊಡ್ತೇನಿ,” ಎಂದನಂತೆ.

ಬಸ್ಸನ್ನು ನಿಲ್ಲಿಸಿದಷ್ಟು ಸುಲಭವಾಗಿ ಕಾರ್ಖಾನೆಯನ್ನು ನಿಲ್ಲಿಸಲಾಗುವುದಿಲ್ಲ. ಅಲ್ಲಿಗೆ ಹೊಸದಾಗಿ ಮೈಸೂರು ಕಡೆಯ ಮ್ಯಾನೇಜರ್ ಒಬ್ಬರು ಬಂದಿದ್ದರು. ಮೃದುವಾಗಿ ಮಾತನಾಡುವ ಮನುಷ್ಯ. ಅಷ್ಟು ಮೃದುವಾಗಿ ಬೇಡ ಎನ್ನುವವರನ್ನು ನಮ್ಮ ಕಡೆ ಜನ ಕಂಡಿರಲಿಲ್ಲ. ಡ್ರೈಯರಿನ ಕೊಳವೆಗೆ ತಮ್ಮ ಡಬ್ಬಿಯನ್ನು ಜೋಡಿಸಲು ವೈನಿ ಅನುಮತಿ ಕೇಳಿದಾಗ ಅವರು ನಕ್ಕು, “ನೋಡೋಣ ಮೇಡಂ, ಒಂದು ಪರೀಕ್ಷೆ ಇಟ್ಟುಕೊಳ್ಳೋಣ,” ಎಂದರು. ಹೆಸರುಚೀಟಿ ಮುಚ್ಚಿದ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಯಾವುದರಲ್ಲಿ ಯಾವ ದ್ರಾವಕವಿದೆಯೆಂದು ಡಬ್ಬಿ ಹೇಳಬೇಕು. ನೋಡಲು ಇಡೀ ಕಚೇರಿ ನೆರೆಯಿತು.

ಅಂದು ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಗಾಳಿಯೆಲ್ಲ ತೇವ. ಮೊದಲ ಎರಡು ಬಾಟಲಿಗೆ ಡಬ್ಬಿ ಸರಿ ಹೇಳಿತು. ಆಮೇಲೆ ಅದಕ್ಕೇನಾಯಿತೋ, ಅಸಿಟೋನನ್ನು ಮೆಥನಾಲು ಎಂದಿತು. ಕೊನೆಯ ಬಾಟಲಿಯಲ್ಲಿ ಬರೀ ನೀರಿತ್ತು. ಅದಕ್ಕೂ ಏನೋ ಒಂದು ಇದೆ ಎಂದಿತು. ಹಿಂದೆ ನಿಂತಿದ್ದ ಯಾರೋ, “ಕುಡಿದು ಬಂದದ,” ಎಂದರು. ಎಲ್ಲರೂ ನಕ್ಕರು.

“ತಪ್ಪಾಗ್ಯದ,” ಎಂದರು ವೈನಿ. ಸುತ್ತಿಬಳಸಿ ಏನೂ ಹೇಳಲಿಲ್ಲ. “ಗಾಳಿಯಾಗಿನ ತೇವಕ್ಕ ಮೋಸ ಹೋತು. ಅದನ್ನ ತಿದ್ದಿಕೊಂಡು ಬರ್ತೇನ್ರಿ.”

“ಮೇಡಂ, ಇದು ಕಾರ್ಖಾನೆ. ವಿಜ್ಞಾನ ಪ್ರದರ್ಶನ ಅಲ್ಲ,” ಎಂದರು ಮ್ಯಾನೇಜರ್ ಬಹಳ ಮೃದುವಾಗಿ. “ಇಲ್ಲಿಗೆ ಬಿಟ್ಟುಬಿಡಿ.”

ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ನೀವೂ ಬಿಡುತ್ತಿದ್ದಿರಿ. ವೈನಿ ಮನೆಗೆ ಬಂದು ನಮ್ಮ ಬಚ್ಚಲುಮನೆಯನ್ನು ವಶಪಡಿಸಿಕೊಂಡರು. ದೊಡ್ಡ ಹಂಡೆಯಲ್ಲಿ ನೀರು ಕುದಿಸಿ, ಬಾಗಿಲು ಹಾಕಿ, ಒಳಗೆ ಮಳೆಗಾಲ ನಿರ್ಮಿಸಿ, ಆ ಹಬೆಯಲ್ಲಿ ಬಾಟಲಿ ಮೂಸಿಸತೊಡಗಿದರು. ತೇವ ಅಳೆಯುವ ಇನ್ನೊಂದು ಗುಂಡಿ ಡಬ್ಬಿಯೊಳಗೆ ಬಂತು. ಬೇಸಿಗೆಯ ಗಾಳಿ, ಮಳೆಯ ಗಾಳಿ, ಅಡುಗೆಮನೆಯ ಗಾಳಿ ಎಂದು ಲ್ಯಾಪ್‌ಟಾಪಿನಲ್ಲಿ ಗೆರೆಗಳು ಬೆಳೆದವು. ಅಷ್ಟೂ ದಿನ ನಾವೆಲ್ಲ ಪಕ್ಕದ ಮನೆಯ ಬಚ್ಚಲಿನಲ್ಲಿ ಸ್ನಾನ ಮಾಡಿದೆವು. ಪಕ್ಕದ ಮನೆಯವರು ಕೇಳಿದರೆ ಏನು ಹೇಳುವುದು? “ವೈನಿ ಮಳಿ ಮಾಡಾಕತ್ತಾರ,” ಎನ್ನುತ್ತಿದ್ದೆ. ಅವರು ನನ್ನನ್ನು ಮರುಕದಿಂದ ನೋಡಿ ಬಕೆಟ್ ಕೊಡುತ್ತಿದ್ದರು.

ಮತ್ತೆ ಅನುಮತಿ ಕೇಳಲು ಹೋದಾಗ ಮ್ಯಾನೇಜರ್ ತಲೆಯೆತ್ತಿ ನೋಡಲೂ ಇಲ್ಲ. ವೈನಿ ಅನುಮತಿಯನ್ನು ಬಿಟ್ಟರು, ಡಬ್ಬಿಯನ್ನು ಬಿಡಲಿಲ್ಲ. ಡ್ರೈಯರಿನ ಕೊಳವೆಯನ್ನು ಮುಟ್ಟುವಂತಿರಲಿಲ್ಲ, ಸರಿ. ಆದರೆ ಡ್ರೈಯರ್ ಇರುವ ಶೆಡ್ಡಿನಲ್ಲೇ ಪುಡಿ ತುಂಬುವ ಹೆಂಗಸರು ಕೆಲಸ ಮಾಡುತ್ತಿದ್ದರು. ಮಧ್ಯಾಹ್ನವಾದರೆ ತಲೆ ಸಿಡಿಯುತ್ತದೆಂದು ಕೆಲವು ದಿನಗಳಿಂದ ಅವರೆಲ್ಲ ಹೇಳುತ್ತಿದ್ದರು. ಆ ಶೆಡ್ಡಿನ ಗಾಳಿ ಮೂಸುವುದಕ್ಕೆ ಯಾರ ಅಪ್ಪಣೆ ಬೇಕು? ಕಿಟಕಿಯ ಸಂದಿಯಿಂದ ಒಂದು ಸಣ್ಣ ಕೊಳವೆ ಒಳಗೆ ಬಿಟ್ಟು, ಡಬ್ಬಿಯನ್ನು ಹೊರಗೆ, ಗೋಡೆಯಿಂದ ದೂರದಲ್ಲಿ ಇಟ್ಟರು. ಒಳಗೇ ಇಡಬಾರದೇ ಎಂದು ನಾನು ಕೇಳಿದ್ದಕ್ಕೆ, “ಬಸ್ಸಿನಾಗ ಒಮ್ಮಿ ಮಾಡಿದ್ದ ಸಾಕು. ಹತ್ತಿಕೊಳ್ಳೋ ಹಬೆಯಾಗ ಮತ್ತ ಬಿಸಿ ತಂತಿ ಇಡಾಕ ನಾ ಏನು ಬೇಕೂಫ ಇದ್ದೇನೇನು?” ಎಂದರು.

ಮುಂದಿನದನ್ನು ನಾನು ವೈನಿಯಿಂದಲೂ ಕೇಳಿದ್ದೇನೆ, ಪ್ಯಾಕಿಂಗ್ ಹೆಂಗಸರಲ್ಲಿ ಹಿರಿಯಳಾದ ಕಸ್ತೂರಿಬಾಯಿಯಿಂದಲೂ ಕೇಳಿದ್ದೇನೆ. ಕಸ್ತೂರಿಬಾಯಿ ಮ್ಯಾನೇಜರರ ಧ್ವನಿಯನ್ನೂ ಹಾಕಿ ಹೇಳುತ್ತಾಳೆ, ಹಾಗಾಗಿ ಅವಳದೇ ಹೆಚ್ಚು ಚೆನ್ನ.

ಆ ದಿನ ಒಳ್ಳೆಯ ಬಿಸಿಲು, ಮಳೆಯ ನೆಪವಿರಲಿಲ್ಲ. ಬೆಳಗಿನಿಂದ ಡಬ್ಬಿಯ ಅಂಕಿ ಮೆಲ್ಲಗೆ ಏರುತ್ತ ಹೋಯಿತು. ಯಾರೋ ಉಳ್ಳಾಗಡ್ಡಿ ಹೆಚ್ಚಿದಾಗ ಆಗುವಂತೆ ಚೀರಿ ಇಳಿಯಲಿಲ್ಲ. ಏರಿತು, ಏರುತ್ತಲೇ ಇತ್ತು. ಆರೂ ಗುಂಡಿಗಳ ಮಾತು ಕೂಡಿಸಿದರೆ ಅಸಿಟೋನ್ ಎಂದೇ ಬಂತು. ಊಟದ ಹೊತ್ತಿಗೆ ಮುಂಚೆ ವೈನಿ ಶೆಡ್ಡಿಗೆ ಹೋಗಿ ಕೇಳಿದರು, “ಏನರ ವಾಸನಿ ಬರಾಕತ್ತದೇನು?”

“ಇಲ್ರಿ ಬಾಯಿ,” ಎಂದಳು ಕಸ್ತೂರಿಬಾಯಿ. ಉಳಿದವರೂ ಇಲ್ಲ ಎಂದರು. ದಿನವಿಡೀ ಅದರಲ್ಲೇ ಇದ್ದವರ ಮೂಗು ಯಾವಾಗಲೋ ದಣಿದಿತ್ತು. ಪ್ರಯೋಗಾಲಯದಲ್ಲಿ ದ್ರಾವಕಗಳ ನಡುವೆಯೇ ಇರುವ ವೈನಿಯ ಮೂಗೂ ಅಷ್ಟೇ.

ವೈನಿ ಮ್ಯಾನೇಜರರ ಬಳಿ ಓಡಿ ಡ್ರೈಯರ್ ನಿಲ್ಲಿಸಿ ಎಂದರು. ಅವರು, ಮಾಲು ಸಂಜೆ ಲಾರಿಗೆ ಏರಬೇಕು, ಬೆಳಗಿನ ಪರೀಕ್ಷೆಯ ವರದಿ ಸರಿಯಾಗಿದೆ, ಯಾರಿಗೂ ವಾಸನೆ ಬಂದಿಲ್ಲ, ನಿಮ್ಮ ಡಬ್ಬಿಗೆ ನೀರೂ ಸ್ಪಿರಿಟೇ ಎಂದರು. ನಾಲ್ಕೂ ಮಾತು ನಿಜವೇ ಆಗಿತ್ತು. ವೈನಿ ವಾದಿಸಲಿಲ್ಲ. ಶೆಡ್ಡಿಗೆ ಮರಳಿ ಬಂದು, “ಎಲ್ಲಾರೂ ಕೈಯಾಗಿಂದು ಅಲ್ಲೇ ಇಟ್ಟು ಹೊರಗ ಬರ್ರಿ. ಸ್ವಿಚ್ ಮುಟ್ಟಬ್ಯಾಡ್ರಿ,” ಎಂದರು. ಡ್ರೈಯರಿಗೆ ತೀರ ಹತ್ತಿರ ನಿಂತಿದ್ದವಳು ನಿರ್ಣಾದಿಂದ ಬರುವ ಶಕೀಲಾ ಎಂಬ ಹುಡುಗಿ. ತುಂಬಿದ ಬಸುರಿ. ಅವಳ ರಟ್ಟೆ ಹಿಡಿದು ತಾವೇ ಕರೆತಂದರು. ಎಲ್ಲರನ್ನೂ ಕಂಪೌಂಡಿನ ಆಚೆ ತುದಿಯ ಬೇವಿನ ಮರದ ಕೆಳಗೆ ಕೂರಿಸಿ, ತಾವು ಅವರ ಮುಂದೆ ನಿಂತರು.

ಮ್ಯಾನೇಜರ್ ಬಂದರು. ಮೃದುತನ ಕಚೇರಿಯಲ್ಲೇ ಉಳಿದಿತ್ತು.

“ಇವರನ್ನ ಒಳಗೆ ಕಳಿಸಿ.”

“ಇಲ್ರಿ.”

“ನಿಮಗೆ ಈ ಅಧಿಕಾರ ಯಾರು ಕೊಟ್ಟರು?”

“ಯಾರೂ ಕೊಟ್ಟಿಲ್ರಿ.”

“ನಾಳೆಯಿಂದ ಕೆಲಸಕ್ಕೆ ಬರಬೇಡಿ ಅಂದರೆ?”

“ಬರಂಗಿಲ್ರಿ. ನಾಳಿನ ಮಾತು ನಾಳಿಗೆ ಆತು. ಇವತ್ತ ಇವರು ಒಳಗ ಹೋಗಂಗಿಲ್ಲ.” ಇಷ್ಟು ಹೇಳಿ, “ನಿಮಗ ಅಷ್ಟು ಖಾತ್ರಿ ಇದ್ರ, ಡ್ರೈಯರಿನ ಬಾಜೂ ಕುರ್ಚಿ ಹಾಕಿಸ್ತೇನಿ. ನೀವು ಕುಂಡ್ರರಿ,” ಎಂದರು.

ಇಲ್ಲಿ ಕಸ್ತೂರಿಬಾಯಿ ಕಥೆ ನಿಲ್ಲಿಸಿ ಮ್ಯಾನೇಜರರ ಮುಖವನ್ನು ಮಾಡಿ ತೋರಿಸುತ್ತಾಳೆ. ಅವರೇನೂ ಕೆಟ್ಟ ಮನುಷ್ಯರಲ್ಲ. ಬೇವಿನ ಮರದ ಕೆಳಗೆ ಕುಳಿತ ಅಷ್ಟು ಮುಖಗಳನ್ನು ಒಮ್ಮೆ ನೋಡಿ, ದೂರದ ಮೇನ್ ಸ್ವಿಚ್ಚಿನಿಂದ ಶೆಡ್ಡಿನ ಕರೆಂಟು ತೆಗೆಸಿದರು. ಬಾಗಿಲು ಕಿಟಕಿಗಳನ್ನೆಲ್ಲ ತೆರೆಸಿ, ಗಾಳಿಯಾಡಿದ ಮೇಲೆ ಫಿಟ್ಟರನನ್ನು ಒಳಗೆ ಕಳಿಸಿದರು. ಅವನು ಡ್ರೈಯರಿನ ಹಿಂದೆ ತೂರಿ ಹೋಗಿ, ಹಬೆಯನ್ನು ಹೊರಗೊಯ್ಯುವ ಕೊಳವೆಯ ರಬ್ಬರಿನ ತೋಳನ್ನು ಮುಟ್ಟಿದ. ಅದು ಕೈಗೇ ಕಿತ್ತುಬಂತು. ಹಿಂಬದಿಯಲ್ಲಿ ಉದ್ದಕ್ಕೂ ಸೀಳಿತ್ತು. ಹೊರಗೆ ಹೋಗಬೇಕಾದ ಹಬೆ ಎಷ್ಟು ದಿನದಿಂದಲೋ ಶೆಡ್ಡಿಗೇ ಸೋರುತ್ತಿತ್ತು. ಸೀಳಿದ ಜಾಗದ ಎದುರಿಗೇ, ಒಂದು ಮೊಳ ದೂರದಲ್ಲಿ, ಕಿಡಿ ಹಾರಿಸುವ ಹಳೆಯ ಮೋಟರು.

ಫಿಟ್ಟರ್ ಆ ರಬ್ಬರನ್ನು ತಂದು ಮ್ಯಾನೇಜರರ ಕೈಗೆ ಕೊಟ್ಟ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮರುದಿನ ಕೆಲಸಕ್ಕೆ ಬರಬೇಡಿ ಎಂದೂ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ವೈನಿ ಎಂದಿನಂತೆ ಕೆಲಸಕ್ಕೆ ಹೋದರು.

ಕೆಲವು ತಿಂಗಳಲ್ಲಿ ಕಾರ್ಖಾನೆಗೆ ಹೊರಗಿನಿಂದ ಹೊಸ ಯಂತ್ರ ಬಂತು. ಬಿಳಿಯ ಬಣ್ಣ, ಹಸಿರು ದೀಪ, ಮುಚ್ಚಳದ ಮೇಲೆ ಏಳೆಂಟು ಎಚ್ಚರಿಕೆ. ಅದರ ಒಂದು ಮೂಗು ಶೆಡ್ಡಿನ ಗಾಳಿಗೆ, ಇನ್ನೊಂದು ಡ್ರೈಯರಿನ ಕೊಳವೆಗೆ. ಅದನ್ನು ಕೂರಿಸಿದ ಇಂಜಿನಿಯರು ಮುಚ್ಚಳ ತೆರೆದಾಗ ವೈನಿ ಇಣುಕಿದರು. ಒಳಗೆ ಅದೇ ಜಾತಿಯ ಗುಂಡಿಗಳು, ಚೆನ್ನಾಗಿ ಬಟ್ಟೆ ತೊಟ್ಟುಕೊಂಡು ಕುಳಿತಿದ್ದವು. ಉದ್ಘಾಟನೆಯ ದಿನ ಮ್ಯಾನೇಜರ್ ಭಾಷಣ ಮಾಡುತ್ತಿರುವಾಗ ಕಸ್ತೂರಿಬಾಯಿಯ ಬುತ್ತಿಯ ಉಳ್ಳಾಗಡ್ಡಿಗೆ ಅದು ಹೋ ಎಂದು ಕೂಗಿಕೊಂಡಿತು. ಈಗ ಶೆಡ್ಡಿನ ಬಾಗಿಲಿಗೆ ಫಲಕ ಹಾಕಿದ್ದಾರೆ: ಉಳ್ಳಾಗಡ್ಡಿ ತರಬಾರದು. ಮ್ಯಾನೇಜರರ ಸಹಿಯಿದೆ. ಅದನ್ನು ಓದಿದಾಗಲೆಲ್ಲ ವೈನಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಊರಿನಲ್ಲಿ ಅವರನ್ನು ನೋಡಿ ನಗುವವರು ಇನ್ನೂ ಇದ್ದಾರೆ. ನಗಲಿ, ಅವರ ಉಸಿರಿಗೂ ಒಂದು ಅಂಕಿ ಇದ್ದೇ ಇದೆ.

ಇಲ್ಲಿಗೆ ನಿಲ್ಲಿಸಿದರೆ ನೀವೆಲ್ಲ ನಗುತ್ತ ಎದ್ದು ಹೋಗುತ್ತೀರಿ. ಆದರೆ ಆ ರಬ್ಬರು ಸಿಕ್ಕಿದ ದಿನ ಸಂಜೆ ನಡೆದದ್ದನ್ನು ನಾನು ಮನೆಯಲ್ಲೂ ಯಾರಿಗೂ ಹೇಳಿಲ್ಲ.

ವೈನಿ ನನಗೆ ಫೋನು ಮಾಡಿ, “ತಮ್ಮಾ, ಬಸ್ ಸ್ಟ್ಯಾಂಡಿಗೆ ಬರ್ತಿಯೇನು?” ಎಂದಿದ್ದರು. ಅವರು ಹಾಗೆ ಕರೆದವರೇ ಅಲ್ಲ. ಹೋದೆ. ಬಸ್ಸಿನಿಂದ ಇಳಿದವರು ನೇರ ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತರು. ಚಹಾ ಬಂತು. ಅವರು ಕಪ್ಪು ಎತ್ತಲು ಹೋದರು, ಆಗಲಿಲ್ಲ. ಎರಡು ಕೈಯಲ್ಲಿ ಹಿಡಿದರು, ಆದರೂ ಸೀರೆಯ ಮೇಲೆ ಚಹಾ ಚೆಲ್ಲಿತು.

ಆಗಲೇ ನನಗೆ ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಿ, ನೆಲ ನೋಡುತ್ತ ಅಂದರು, “ಖರೇ ಹೇಳಲೇನು? ಅವರನ್ನ ಹೊರಗ ಕರಕೊಂಡು ಬಂದಾಗ ನನಗ ಖಾತ್ರಿ ಇರಲಿಲ್ಲ. ಹಿಂದ ಒಮ್ಮಿ ತಪ್ಪಿತ್ತಲ್ಲ ಅದು.”

“ಮತ್ತ ಯಾಕ ಅಷ್ಟು ಜೋರು ಮಾಡಿದ್ರಿ ವೈನಿ?”

“ನನಗ ಖಾತ್ರಿ ಆಗೂತನಕ ಆ ಹುಡುಗಿ ಅಲ್ಲೇ ನಿಂದರಬೇಕಿತ್ತೇನು?”

ಅವರು ಅಳುತ್ತಿದ್ದರು. ಸುತ್ತ ಜನ ಬಸ್ಸಿಗಾಗಿ ಓಡಾಡುತ್ತಿದ್ದರು. ನಾನು ಚಹಾವನ್ನು ಬಸಿಗೆ ಸುರಿದು, ಊದಿ ಆರಿಸಿ, ಅವರ ತುಟಿಗೆ ಹಿಡಿದೆ. ಅವರು ಕಣ್ಣು ಮುಚ್ಚಿಕೊಂಡು ಕುಡಿದರು. ಇನ್ನೊಂದು ಬಸಿ ಸುರಿದೆ, ನನ್ನ ಕೈ ಹಿಡಿದುಕೊಂಡು ಅದನ್ನೂ ಕುಡಿದರು.

“ಸಕ್ರಿ ಕಡಿಮಿ ಆಗ್ಯದ,” ಎಂದರು.

ಸಕ್ಕರೆ ತರಲು ಏಳಹೋದೆ. ಅವರು ನನ್ನ ಕೈ ಬಿಡಲಿಲ್ಲ.